ಮಗು ಕರೆದಾಗ

ಪ್ರೀತಿಯ ಅತ್ತೆಯವರಿಗೆ ನಮಸ್ಕಾರ.

ಪರದೇಶಕ್ಕೆ ಓದಲು ಬಂದ ನಿಮ್ಮ ಸೊಸೆ ಚೆನ್ನಾಗಿದ್ದಾಳೆ. ಬೇಡವೆಂದರೂ ನೀವು ಪೆಟ್ಟಿಗೆಗೆ ತುರುಕಿದ ಕಂಬಳಿಯನ್ನೇ ಹೊದ್ದು ಓದುತ್ತೇನೆ. ಪ್ರಯೋಗಾಲಯದಲ್ಲಿ ನನ್ನ ಬೀಜಗಳು ಕೊನೆಗೂ ಮೊಳೆತಿವೆ. ನಗುವುದೇ ಗೊತ್ತಿಲ್ಲದ ಪ್ರೊಫೆಸರರೂ ನಕ್ಕರು.

ಮೊನ್ನೆ ಫೋನಿನಲ್ಲಿ ಮಾತಾಡುವಾಗ ನನ್ನ ಪುಟ್ಟಿ ನಿಮ್ಮನ್ನು "ಅಮ್ಮಾ" ಎಂದು ಕರೆದಳು. ನೀವು "ಶ್, ಅಜ್ಜಿ ಅನ್ನು. ಅಮ್ಮ ಕೇಳಿಸ್ಕೋತಾಳೆ" ಎಂದು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು.

ಇನ್ನು ಮುಂದೆ ತಿದ್ದಬೇಡಿ ಅತ್ತೆ. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಅಮ್ಮಾ ಎಂದರೆ ಓಗೊಡುವವರು ಮನೆಯಲ್ಲಿದ್ದಾರೆ ಎಂದೇ ನನಗಿಲ್ಲಿ ಓದು ತಲೆಗೆ ಹತ್ತುತ್ತಿರುವುದು.

ನಾನು ಬಂದ ಮೇಲೆ ಇಬ್ಬರೂ ಓಗೊಡೋಣ. ಯಾರ ಕೈ ಖಾಲಿಯಿದೆಯೋ ಅವರು ಎತ್ತಿಕೊಂಡರಾಯಿತು.

ನಿಮ್ಮ ಓದುವ ಸೊಸೆ