ಇವತ್ತು ನಲ್ಲಿ ಬಿಡಬೇಡ

ಪುಟ್ಟಿ,

ಆರು ಗಂಟೆಗೆ ನಿನ್ನ ಕೌನ್ಸೆಲರ್ ಮೇಡಂ ಲ್ಯಾಪ್‌ಟಾಪಲ್ಲಿ ಬರ್ತಾರೆ. ಹೋದ ವಾರ ನಮಗೆ ಕೇಳಿಸಬಾರದು ಅಂತ ಬಚ್ಚಲಲ್ಲಿ ಕೂತು, ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದೆ. "ಏನಮ್ಮಾ, ಕೇಳಿಸ್ತಾನೇ ಇಲ್ಲ" ಅಂತ ಮೇಡಂ ಕೂಗಿದ್ದು ಮಾತ್ರ ಅಡುಗೆಮನೆಗೂ ಕೇಳಿಸಿತು. ಟ್ಯಾಂಕ್ ಖಾಲಿಯಾಗಿದ್ದೇ ಬಂದ ಲಾಭ.

ಇವತ್ತು ನಡುಮನೆಯಲ್ಲೇ ಕೂರು. ಗೋಡೆಗೆ ಕಿವಿ ಇದೆಯೋ ಇಲ್ಲವೋ, ನಿಮ್ಮಜ್ಜಿಗಂತೂ ಇದೆ. ಅವರನ್ನ ಕರ್ಕೊಂಡು ಎದುರಿನ ಪಾರ್ಕಿಗೆ ಹೋಗ್ತಿದ್ದೀನಿ. ಬೆಂಚು ಗಟ್ಟಿ ಅಂತ ಈಗಲೇ ಗೊಣಗ್ತಿದ್ದಾರೆ.

ಫ್ಲಾಸ್ಕಲ್ಲಿ ಟೀ ಇದೆ. ಅಳು ಬಂದರೆ ಸೋಫಾ ಕವರಿಗೆ ಮೂಗು ಒರೆಸಬೇಡ, ಟವೆಲ್ ಇಟ್ಟಿದ್ದೀನಿ.

ನನ್ನ ಮೇಲೆ ದೂರಿದ್ದರೆ ಬಾಯಿ ತುಂಬ ಹೇಳು. ಉಪ್ಪು ಖಾರ ಹಚ್ಚಿದರೂ ಪರವಾಗಿಲ್ಲ.

ಮುಗಿದ ಮೇಲೆ ಬಾಲ್ಕನಿ ದೀಪ ಹಾಕು. ಅಜ್ಜಿ ಸೊಂಟ ಏನಾದರೂ ಆಗಲಿ, ಆ ದೀಪ ಕಾಣೋವರೆಗೂ ನಾವು ಬರಲ್ಲ.

ಅಮ್ಮ