ನನ್ನ ದನಿ ಜಪ್ತಿಯಾದ ವಿಚಾರ

ಮನರಂಜನೆಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ದನಿ ಮಂಡ್ಯದ ತಮ್ಮ ಕಚೇರಿಯಲ್ಲಿದೆ, ನಾನು ಮದ್ದೂರಿನಲ್ಲಿದ್ದೇನೆ. ಇದು ಅಲಂಕಾರದ ಮಾತಲ್ಲ. ತಾವು ಜಪ್ತಿ ಮಾಡಿಸಿ ತರಿಸಿಕೊಂಡ ಆಟದ ಪೆಟ್ಟಿಗೆಯೊಳಗೆ ಒಂದು ಕ್ಯಾಸೆಟ್ ಇದೆ. ಲೋಕದಲ್ಲಿ ನನ್ನ ದನಿ ಅಂತ ಉಳಿದಿರುವುದು ಅದೊಂದೇ. ಖುದ್ದಾಗಿ ಬಂದು ಕೇಳಿದ್ದಾಯಿತು, ತಾವು ಕೊಡಲಿಲ್ಲ. ಅದಕ್ಕೇ ಈಗ ಜಿಲ್ಲೆಯವರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನಾನು ಮದ್ದೂರಿನ ಪೇಟೆಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಗೋಡೆಯಾಚೆ ಅಕ್ರಂ ಪಾಷಾ ಅವರ ರೇಡಿಯೋ ರಿಪೇರಿ ಅಂಗಡಿ. ಅವರು ಹಳೇ ಕರೆಗಂಟೆ, ಸ್ಕೂಟರ್ ದೀಪ, ಟೇಪ್ ರೆಕಾರ್ಡರ್ ಎಲ್ಲ ಸೇರಿಸಿ ಒಂದು ಆಟ ಕಟ್ಟಿದರು. ಏಳು ಸ್ವರಕ್ಕೆ ಏಳು ಗುಂಡಿ. ಪೆಟ್ಟಿಗೆ ನುಡಿಸಿದ ಸ್ವರಗಳನ್ನೇ ನಾಕಾಣೆ ಹಾಕಿದವರು ಅದೇ ಕ್ರಮದಲ್ಲಿ ಒತ್ತಬೇಕು. ತಪ್ಪಿದರೆ ಪೆಟ್ಟಿಗೆ ಗದರುತ್ತದೆ: "ತಪ್ಪು. ಕಿವಿ ಎಲ್ಲಿಟ್ಟಿದ್ದೀಯ? ಮೊದಲಿಂದ ಹೇಳು." ಆ ಗದರಿಕೆ ನನ್ನದು. ಪಾಠದ ಹೊತ್ತಿನಲ್ಲಿ ಕಿಟಕಿಯ ಬಳಿ ಮೈಕ್ ಇಟ್ಟು, ನನ್ನನ್ನು ಒಂದು ಮಾತೂ ಕೇಳದೆ ರೆಕಾರ್ಡ್ ಮಾಡಿಕೊಂಡಿದ್ದರು. ಗೊತ್ತಾದಾಗ ಜಗಳಕ್ಕೇ ಹೋದೆ. ನಿಮ್ಮ ಬೈಗುಳಕ್ಕೆ ಬೇರೆ ಯಾರ ದನಿಯೂ ಕೂರುವುದಿಲ್ಲಮ್ಮ ಎಂದು ಅವರು ಎಷ್ಟು ವಿನಯದಿಂದ ಹೇಳಿದರೆಂದರೆ, ಜಗಳಕ್ಕೆ ಹೋದವಳು ಅವರ ಮನೆಯಾಕೆ ಶರೀಫುನ್ನೀಸಾ ಕೊಟ್ಟ ಚಹಾ ಕುಡಿದು, ಗೆದ್ದವರಿಗೆ ಇರಲಿ ಎಂದು ಒಂದು "ಪರವಾಗಿಲ್ಲ" ಕೂಡ ಮೈಕಿಗೆ ಹೇಳಿ ಬಂದೆ. ನನ್ನ ಶಿಷ್ಯೆಯರನ್ನು ಕೇಳಿ, ನನ್ನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಎಂದೂ ಬಂದದ್ದಿಲ್ಲ.

ಜನ ಬೈಸಿಕೊಳ್ಳಲು ಸಾಲು ನಿಂತರು. ಮಳವಳ್ಳಿಗೆ ಹೋಗಬೇಕಾದವರು ಬಸ್ಸು ತಪ್ಪಿಸಿಕೊಂಡರು. ಆತಗೂರಿನ ರೈತ ಮರಿಯಯ್ಯನವರಂತೂ ಸಂತೆಗೆ ಬಂದಾಗಲೆಲ್ಲ ಬೇಕೆಂದೇ ತಪ್ಪು ಗುಂಡಿ ಒತ್ತುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದೆ. "ನಮ್ಮವ್ವ ಸತ್ತೋದ್ಮೇಲೆ ಇಂಗೆ ಬಯ್ಯೋರೇ ಇಲ್ಲ ಕಣಮ್ಮ," ಅಂದರು.

ಆಮೇಲೆ ನನ್ನ ಗಂಟಲಲ್ಲಿ ಹುಣ್ಣಾಗಿ ಮೈಸೂರಿನಲ್ಲಿ ಆಪರೇಷನ್ ಆಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಈಗ ನನ್ನ ಮಾತೆಲ್ಲ ಸ್ಲೇಟಿನ ಮೇಲೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಸಂಜೆಯ ಹೊತ್ತು ಅಂಗಡಿಗೆ ಹೋಗಿ ನಾನೇ ತಪ್ಪು ಗುಂಡಿ ಒತ್ತಿ, ನನ್ನಿಂದಲೇ ಬೈಸಿಕೊಂಡು ಬರುತ್ತಿದ್ದೆ. ಅದರಿಂದ ಜೀವಕ್ಕೆ ಹಿತವಾಗುತ್ತಿತ್ತು.

ಅಷ್ಟರಲ್ಲಿ ತಮ್ಮ ನೋಟೀಸು ಬಂತು. ಆಟದಲ್ಲಿ ಸಂಗೀತ ಬಳಸಿರುವುದರಿಂದ, ಕೃತಿಸ್ವಾಮ್ಯದ ಪ್ರಕಾರ, "ಸ ರಿ ಗ ಮ ಪ ದ ನಿ" ರಚಿಸಿದವರ ಲಿಖಿತ ಒಪ್ಪಿಗೆ ತರಬೇಕಂತೆ, ತರುವವರೆಗೆ ಪೆಟ್ಟಿಗೆ ಜಪ್ತಿಯಂತೆ! ಮಾನ್ಯರೇ, ಹಾಡು ಕಟ್ಟಿದವರ ಹಕ್ಕು ಕಾಯುವ ಕಾನೂನಿಗೆ ನಾನು ಕೈಮುಗಿಯುತ್ತೇನೆ. ಪಾಷಾ ಅವರು ಯಾರದೋ ಸಿನಿಮಾ ಹಾಡು ಕದ್ದು ಹಾಕಿದ್ದರೆ ನಾನೇ ಬಂದು ದೂರು ಕೊಡುತ್ತಿದ್ದೆ. ಆದರೆ ಸ್ವರಗಳಿಗೆ ಯಾರ ಒಪ್ಪಿಗೆ? ಶಾಸ್ತ್ರದಲ್ಲಿ ಹೇಳಿದಂತೆ ಷಡ್ಜ ನವಿಲಿನ ದನಿ, ರಿಷಭ ಎತ್ತಿನದು, ಗಾಂಧಾರ ಆಡಿನದು, ನಿಷಾದ ಆನೆಯದು. ಎತ್ತು ಮರಿಯಯ್ಯನವರ ಕೊಟ್ಟಿಗೆಯಲ್ಲೇ ಇದೆ, ಗೊರಸಿಗೆ ಮಸಿ ಬಳಿದು ಒತ್ತಿಸಿಯೇವು. ಆಡೂ ಸಿಕ್ಕೀತು, ಆದರೆ ಒಪ್ಪಿಗೆ ಪತ್ರವನ್ನು ಅದು ತಿಂದುಹಾಕದಂತೆ ಕಾಯಲು ತಾವೇ ಒಬ್ಬ ಜವಾನನನ್ನು ಕಳಿಸಬೇಕು. ಆನೆಯ ಸಹಿಗೆ ಎಲ್ಲಿಗೆ ಹೋಗಲಿ? ಅದು ಗೆಜೆಟೆಡ್ ಅಧಿಕಾರಿಯ ಎದುರಿಗೇ ಸಹಿ ಹಾಕಬೇಕೆ?

ಸ್ವರಗಳ ಗತಿ ಏನಾದರೂ ಆಗಲಿ, ಬೈಗುಳವಂತೂ ನನ್ನದು, ಕ್ಯಾಸೆಟ್ಟನ್ನಾದರೂ ಕೊಡಿ ಎಂದು ಸ್ಲೇಟು ಹಿಡಿದು ತಮ್ಮ ಮುಂದೆ ನಿಂತೆ. ತಾವು ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿದಿರಿ. ವಸ್ತುವನ್ನು ನಿಜವಾದ ಮಾಲೀಕರಿಗೇ ಒಪ್ಪಿಸುವುದು ತಮ್ಮ ಹೊಣೆ ಎಂದಿರಿ. ಆಮೇಲೆ, "ಆ ದನಿ ನಿಮ್ಮದೇ ಅಂತ ನಾನು ಹೇಗೆ ನಂಬಲಿ? ಎಲ್ಲಿ, ಒಂದ್ಸಲ ಹೇಳಿ ನೋಡೋಣಮ್ಮ," ಎಂದಿರಿ.

ಮಾನ್ಯರೇ, ಹೇಳಲು ಬರುವ ಹಾಗಿದ್ದರೆ ಕೇಳಲು ಯಾಕೆ ಬರುತ್ತಿದ್ದೆ? ಅದನ್ನೇ ಸ್ಲೇಟಿನಲ್ಲಿ ಬರೆದೆ. ಬರಹ ದನಿಗೆ ಸಾಕ್ಷಿಯಾಗದು ಎಂದಿರಿ. ಬಾಯಿ ತೆರೆದೆ, ಬರೀ ಗಾಳಿ ಬಂತು. ತಮ್ಮ ಗುಮಾಸ್ತರು ಆ ಗಾಳಿಯನ್ನೂ ಟೇಪಿನ ದನಿಯನ್ನೂ ತಾಳೆ ನೋಡಿ, ಎರಡೂ ಬೇರೆ ಬೇರೆ ಎಂದು ತೀರ್ಪು ಕೊಟ್ಟರು. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಆದರೆ ಜೋರಾಗಿ ಅಳುವುದಕ್ಕೂ ದನಿ ಬೇಕಲ್ಲ.

ಹೊರಗೆ ಬಂದು ತಮ್ಮ ಕಿಟಕಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಊಟದ ಬಿಡುವು ಶುರುವಾಯಿತು, ಎಲ್ಲರೂ ಹೋದರು. ಒಳಗಿನಿಂದ ಸ್ವರಗಳು ಕೇಳಿಸಿದವು. ಎದ್ದು ಇಣುಕಿದೆ. ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕೂತಿದ್ದವರು ತಾವೇ. ಗಾಂಧಾರ ಒತ್ತಬೇಕಾದಲ್ಲಿ ಮಧ್ಯಮ ಒತ್ತಿದಿರಿ. "ತಪ್ಪು. ಕಿವಿ ಎಲ್ಲಿಟ್ಟಿದ್ದೀಯ? ಮೊದಲಿಂದ ಹೇಳು," ಎಂದೆ ನಾನು, ತಮ್ಮ ಮೇಜಿನ ಮೇಲಿಂದ. ತಾವು ತಲೆ ತಗ್ಗಿಸಿಕೊಂಡು ಮೊದಲಿಂದ ಶುರುಮಾಡಿದಿರಿ. ಆ ದನಿ ನನ್ನದಲ್ಲದಿದ್ದರೆ ತಾವು ಹೆದರಿದ್ದು ಯಾರಿಗೆ?

ಆದ್ದರಿಂದ ಪೆಟ್ಟಿಗೆಯನ್ನು ಕ್ಯಾಸೆಟ್ ಸಮೇತ ಪಾಷಾ ಅವರ ಅಂಗಡಿಗೆ ಮರಳಿಸಿ. ಆನೆಯನ್ನು ನಿಧಾನವಾಗಿ ಹುಡುಕೋಣ. ತಮ್ಮ ಕಿವಿಯ ಮಟ್ಟ ನೋಡಿದರೆ ಗೆದ್ದವರಿಗೆಂದು ನಾನು ಹೇಳಿಟ್ಟ ಮಾತನ್ನು ತಾವು ಇನ್ನೂ ಕೇಳಿರಲಾರಿರಿ. ಪೆಟ್ಟಿಗೆಯ ಜೊತೆ ತಾವೂ ಬನ್ನಿ, ಗುಂಡಿ ನಾನೇ ಒತ್ತಿ ಗೆದ್ದು ಆ "ಪರವಾಗಿಲ್ಲ" ತಮಗೆ ಕೇಳಿಸುತ್ತೇನೆ. ಅದನ್ನು ಯಾರಿಗಾದರೂ ಹೇಳಲು ನನಗೆ ಬೇರೆ ಬಾಯಿಲ್ಲ.

ಇಂತಿ,
ತಮ್ಮ ಕೋಣೆಯಲ್ಲಿ ಗದರುತ್ತ, ತನ್ನ ಮನೆಯಲ್ಲಿ ಸುಮ್ಮನಿರುವ
ಪಂಕಜಮ್ಮ, ಸಂಗೀತದ ಮೇಡಂ
ಪೇಟೆಬೀದಿ, ಮದ್ದೂರು, ೧೯೭೯