ಫ್ಯೂಸ್ ಕಿತ್ತರೂ ಸಾಯದ ತಂತಿ

ವಿದ್ಯುತ್ ಇಲಾಖೆಯ ಮಾನ್ಯ ಇಂಜಿನಿಯರ್ ಸಾಹೇಬರೇ,

ನಿಮ್ಮ ಕಚೇರಿಯ ಕಡತದಲ್ಲಿ ಒಂದು ಸುಳ್ಳಿದೆ. ಕಳೆದ ದೀಪಾವಳಿಗೆ ಮುಂಚೆ ಗಜೇಂದ್ರಗಡದ ನನ್ನ ಮನೆಯಲ್ಲಿ ನಡೆದ ಅಪಘಾತಕ್ಕೆ ಕೂಲಿ ಹೆಂಗಸಿನ ಅಜಾಗರೂಕತೆಯೇ ಕಾರಣ ಎಂದು ಅಲ್ಲಿ ಬರೆದಿದೆ. ಆ ಸುಳ್ಳನ್ನು ಹೇಳಿದವನು ನಾನು. ವಿಚಾರಿಸದೆ ಬರೆದುಕೊಂಡವರು ನೀವು. ಇಬ್ಬರಿಗೂ ಅದರಿಂದ ಅನುಕೂಲವಾಗಿತ್ತು. ಲಕೋಟೆಯಲ್ಲಿ ಬಂದ ಪತ್ರಗಳು ನಿಮ್ಮಲ್ಲಿ ಎಲ್ಲಿಗೆ ಹೋಗುತ್ತವೆಂದು ಬಲ್ಲೆನಾದ್ದರಿಂದ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಅರಳೆ ವ್ಯಾಪಾರಿ. ನಮ್ಮ ಓಣಿಯಲ್ಲಿ ಮೊಟ್ಟಮೊದಲು ವಿದ್ಯುತ್ ದೀಪ ಹಾಕಿಸಿದವನು. ನಿಮ್ಮ ಜನ ಬಂದರು, ಕಂಬದಿಂದ ತಂತಿ ಎಳೆದರು, ಪಡಸಾಲೆಯ ಗೋಡೆಗೆ ಹಲಗೆ ಬಡಿದು ಮೀಟರು, ಡಬ್ಬಿ, ಸ್ವಿಚ್ಚು ಕೂಡಿಸಿದರು. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಕ್ಕೆ ನನ್ನ ಸಹಿ ಪಡೆದು ಹೋದರು. ಆ ಕಾಗದದಲ್ಲಿ ಎಲ್ಲ ಎಚ್ಚರಿಕೆಗಳೂ ಇವೆಯಂತೆ. ಇರಬಹುದು. ತಂತಿ ಮುಟ್ಟುವವರು ಮೊದಲು ಇಂಗ್ಲಿಷ್ ಕಲಿತಿರಬೇಕೆಂಬುದು ಇಲಾಖೆಯ ನಿಯಮವಾಗಿದ್ದರೆ ಅದನ್ನಾದರೂ ಡಂಗುರ ಸಾರಿಸಬಾರದಿತ್ತೆ? ಹೊರಗಿನಿಂದ ಬರುವ ತಂತಿ ಯಾವುದು, ಮನೆಯೊಳಗೆ ಹೋಗುವುದು ಯಾವುದು, ಮುಖ್ಯ ಫ್ಯೂಸ್ ಎಲ್ಲಿದೆ ಎಂದು ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲವೆಂಬುದು ಓಣಿಗೆಲ್ಲ ತಿಳಿಯುತ್ತಿತ್ತಲ್ಲ! ಒಮ್ಮೆ ದೀಪ ಹೋದಾಗ ಸ್ವಿಚ್ಚಿನ ಪಕ್ಕದ ಬಿಳಿ ಪಿಂಗಾಣಿ ಫ್ಯೂಸ್ ಕಿತ್ತು ಸರಿಪಡಿಸುವುದನ್ನು ನೋಡಿದ್ದೆ. ಅಷ್ಟಕ್ಕೇ ಪಂಡಿತನಾದೆ.

ಅಡಿವೆವ್ವ ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಸುಣ್ಣ ಹಚ್ಚುತ್ತ ಬಂದವಳು. ಅಂದು ಹಲಗೆಯ ಹತ್ತಿರ ಬಂದಾಗ ಕುಂಚ ತಡೆದು, ಇಷ್ಟು ಜಾಗ ಬಿಟ್ಟುಬಿಡಲೇ ಎಂದು ಕೇಳಿದಳು. ಹಬ್ಬದ ಗೋಡೆಯಲ್ಲಿ ಕೊಳಕು ಉಳಿಯುವುದು ನನಗೆ ಬೇಡವಾಗಿತ್ತು. ಬಿಳಿ ಫ್ಯೂಸ್ ಕಿತ್ತು ಅವಳಿಗೆ ತೋರಿಸಿದೆ. ಪಡಸಾಲೆಯ ದೀಪ ಆರಿತು.

"ಖರೇನ ಬಂದ್ ಆಗೇತೇನ್ರಿ, ಧಣ್ಯಾರ?"

"ಎಲ್ಲಾ ಬಂದ್ ಮಾಡೇನಿ. ತಂತಿ ಹಿಂದನೂ ಚಲೋತ್ನಾಗಿ ಹಚ್ಚು."

ಅವಳು ನಿಚ್ಚಣಿಕೆ ಏರಿ, ಎಡಗೈಯನ್ನು ಹಸಿ ಗೋಡೆಗೆ ಆನಿಸಿ, ಬಲಗೈಯಿಂದ ಮೇಲಿನ ತಂತಿಯನ್ನು ಸರಿಸಿದಳು. ಅದು ಕಂಬದಿಂದ ಬರುವ ತಂತಿ. ಗೋಡೆಯ ತೂತಿನಿಂದ ಒಳಬರುವಲ್ಲಿ ಅದರ ಹೊದಿಕೆ ಸುಲಿದಿತ್ತು. ಅವಳು ಕೂಗಲಿಲ್ಲ. ನಿಚ್ಚಣಿಕೆಯಿಂದ ಬಿದ್ದ ಸದ್ದಷ್ಟೇ ಕೇಳಿತು. ಪುಣ್ಯಕ್ಕೆ ಜೀವ ಉಳಿಯಿತು. ಗದಗಿನ ದವಾಖಾನೆಯಲ್ಲಿ ಬಲಗೈಯ ಮೂರು ಬೆರಳು ತೆಗೆಯಬೇಕಾಯಿತು.

ಮೂರನೆಯ ದಿನ ನಿಮ್ಮ ಅಧಿಕಾರಿ ವಿಚಾರಣೆಗೆ ಬಂದರು. ಸುಲಿದ ತಂತಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. "ಮುಟ್ಟಬೇಡವೆಂದು ನೀವು ಅವಳಿಗೆ ಹೇಳಿಯೇ ಇದ್ದಿರಿ, ಅಲ್ಲವೇ?" ಎಂದು ನನ್ನನ್ನು ಕೇಳಿದರು. ಎಂಥ ದಯಾಳು ಪ್ರಶ್ನೆ! ಉತ್ತರವನ್ನೂ ಅವರೇ ತಂದಿದ್ದರು. ಹೌದು, ಹೇಳಿದ್ದೆ ಎಂದೆ. ಅವರು ಬರೆದುಕೊಂಡರು. ಇಬ್ಬರೂ ಚಹಾ ಕುಡಿದೆವು.

ತಂತಿ ಬದಲಿಸಲು ಬಂದ ನಿಮ್ಮ ಲೈನ್‌ಮನ್ ರಮಜಾನಸಾಬನನ್ನು ಕೊನೆಗೂ ಕೇಳಿದೆ. ಅವನು ಕೆಳಗೆ ನಿಂತೇ ಬೆರಳು ಮಾಡಿ ತೋರಿಸಿದ. ಕಂಬದ ತಂತಿ ಮೊದಲು ಸೀಲು ಹಾಕಿದ ಕರಿ ಡಬ್ಬಿಗೆ ಬರುತ್ತದೆ. ಅದರೊಳಗೆ ಮುಖ್ಯ ಫ್ಯೂಸ್. ಆಮೇಲೆ ಮೀಟರು, ಆಮೇಲೆ ಮನೆಯ ಸ್ವಿಚ್ಚು ಮತ್ತು ನಾನು ಕಿತ್ತ ಬಿಳಿ ಫ್ಯೂಸ್.

"ನೀವು ಕಿತ್ತದ್ದು ಮನೀ ದೀಪದ್ದ ರೀ. ಆ ಕರೀ ಡಬ್ಬಿ ಫ್ಯೂಸ್ ತಗದ್ರೂ ಕಂಬದ ತಂತಿ ಸಾಯಂಗಿಲ್ಲ. ಅದನ್ನ ಕಂಬದಾಗ ನಾವ ಬಿಡಿಸಬೇಕು."

ಇಷ್ಟು ಹೇಳಲು ಒಂದು ಎಲೆಗೆ ಸುಣ್ಣ ಸವರುವಷ್ಟು ಹೊತ್ತೂ ಹಿಡಿಯಲಿಲ್ಲ. ಈ ಮಾತನ್ನು ದೀಪ ಹಾಕಿಸಿದ ದಿನವೇ ಹೇಳಿಸಲು ನಿಮಗೇನು ಅಡ್ಡಿಯಿತ್ತು? ಕೇಳಲು ನನಗೇನು ಅಡ್ಡಿಯಿತ್ತು?

ಅಡಿವೆವ್ವ ಈಗ ಎಡಗೈಯಲ್ಲಿ ಕುಂಚ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಆದರೆ ಹೇಳಿದ ಮಾತು ಕೇಳದವಳು ಎಂದು ಊರವರು ಕೆಲಸಕ್ಕೆ ಕರೆಯುತ್ತಿಲ್ಲ. ಹೋದ ಸೋಮವಾರ ಅವಳ ಮನೆಗೆ ಹೋಗಿ, ನಿಮ್ಮ ಅಧಿಕಾರಿಯ ಮುಂದೆ ನಾನು ಆಡಿದ ಮಾತನ್ನು ಒಪ್ಪಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ಒಂದೇ ಮಾತು ಹೇಳಿದಳು.

"ನಾ ನಿಮ್ಮನ್ನ ಕೇಳಿದ್ದೆ ಅಲ್ರಿ. ಕೇಳಿದ್ದೆ ಅಂತ ಮಂದಿಗೆ ಹೇಳ್ರಿ."

ಸಾಹೇಬರೇ, ಹೇಳುತ್ತಿದ್ದೇನೆ. ನಿಮ್ಮ ವರದಿಯನ್ನು ತಿದ್ದಿರಿ. ಅವಳು ಕೇಳಿದ್ದಳು, ಮನೆಯ ಯಜಮಾನ ತಪ್ಪು ಹೇಳಿದ, ಇಲಾಖೆಯ ತಂತಿ ಸುಲಿದಿತ್ತು ಎಂದು ಬರೆಯಿರಿ. ನನಗೆ ಏನು ಶಿಕ್ಷೆಯಿದ್ದರೂ ವಿಧಿಸಿರಿ. ಹೊಸ ಹೇಳಿಕೆಗೆ ಪಂಚರ ಮುಂದೆ ಸಹಿ ಮಾಡುತ್ತೇನೆ. ರೋಣ, ನರಗುಂದ, ಅಬ್ಬಿಗೇರಿ, ಎಲ್ಲೇ ಹೊಸ ಮನೆಗೆ ತಂತಿ ಎಳೆದರೂ ಮುಖ್ಯ ಫ್ಯೂಸ್ ಯಾವುದು, ಎಂದೂ ಮುಟ್ಟಬಾರದ ತಂತಿ ಯಾವುದು ಎಂದು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಿರಿ. ಓದು ಬಾರದವರಿಗೆ ನಿಮ್ಮ ಜನ ಬೆರಳು ಮಾಡಿ ತೋರಿಸಲಿ. ತೋರಿಸಲು ಅವರಿಗೆ ಬೆರಳುಗಳಿವೆ.

ಇಂತಿ, ತಿಳಿಯದ್ದನ್ನು ತಿಳಿದವನಂತೆ ಹೇಳಿದ,
ಪ್ರಭುಲಿಂಗಪ್ಪ
ಅರಳೆ ವ್ಯಾಪಾರಿ, ಗಜೇಂದ್ರಗಡ
ಫೆಬ್ರವರಿ ೧೯೫೯